ಪುಣೆಯ ಹಿತ್ತಲಲ್ಲಿ ಅವ್ವನ ಹೆಸರಿನ ಬಾಳೆ

ನಿಪ್ಪಾಣಿ ದಾಟಿದ ಮೇಲೆ

ನಮ್ಮ ಓಣಿಯಲ್ಲಿ ಪರದೇಶಕ್ಕೆ ಹೋಗಿ ಬಂದವರು ಇಬ್ಬರಿದ್ದಾರೆ. ಒಬ್ಬರು ದುಬೈಗೆ ಹೋದವರು, ಇನ್ನೊಬ್ಬರು ಮಕ್ಕಾಕ್ಕೆ. ನಾನು ಹೋದದ್ದು ಪುಣೆಗೆ. ಅದನ್ನು ಪರದೇಶ ಎಂದರೆ ಅವರಿಬ್ಬರೂ ನಗುತ್ತಾರೆ. ನಗಲಿ. ಏಳನೇ ಇಯತ್ತೆಗೆ ಸಾಲಿ ಬಿಟ್ಟು, ಬೈಲಹೊಂಗಲದ ಒಂದೇ ಓಣಿಯಲ್ಲಿ ಮೂವತ್ತು ವರ್ಷ ಹೊಲಿಗೆ ಮಷಿನ್ನು ತುಳಿದವನಿಗೆ, ನಿಪ್ಪಾಣಿ ದಾಟಿ ಅಂಗಡಿಗಳ ಮೇಲಿನ ಅಕ್ಷರ ಬದಲಾದರೆ ಅಲ್ಲಿಂದಲೇ ಪರದೇಶ ಶುರು.

ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಆದರೂ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಚೀಲವನ್ನು ಮೇಲಿಟ್ಟೆ, ಕೆಳಗಿಳಿಸಿದೆ, ಮತ್ತೆ ಮೇಲಿಟ್ಟೆ. ಅದರಲ್ಲಿದ್ದ ಕಡಕ್ ರೊಟ್ಟಿ ಕೊಲ್ಹಾಪುರ ಬರುವಷ್ಟರಲ್ಲಿ ನುಚ್ಚಾಗಿದ್ದವು. ಪಕ್ಕದಲ್ಲಿದ್ದ ಹೆಣ್ಣುಮಗಳು ಮರಾಠಿಯಲ್ಲಿ, ನಿಮಗೆ ಬಸ್ಸಿನ ವಾಸನೆ ಆಗುವುದಿಲ್ಲವೇ, ಲಿಂಬೆಹಣ್ಣು ಬೇಕೇ ಎಂದು ಕೇಳಿದಳು. ನನಗೆ ಆಗುತ್ತಿದ್ದದ್ದು ಬಸ್ಸಿನ ತೊಂದರೆಯಲ್ಲ.

ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಅವ್ವ ನೀಲವ್ವ ಹಿತ್ತಲಿನ ಬಚ್ಚಲ ನೀರಿಗೆ ಒಂದು ಬಾಳೆ ಬೆಳೆಸಿದ್ದಳು. ಅದರ ಜಾತಿ ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಅದಕ್ಕೆ ‘ಮನಿಬಾಳಿ’ ಎನ್ನುತ್ತಿದ್ದಳು. ಗಿಡ್ಡ ಹಣ್ಣು, ದಪ್ಪ ಸಿಪ್ಪೆ, ಹಣ್ಣಾದರೂ ತೊಟ್ಟಿನ ಹತ್ತಿರ ಹಸಿರು ಉಳಿಯುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಮನೆ ನನ್ನ ಪಾಲಿಗೆ ಬಂತು. ಒಂದು ಸಾಲಿಯ ಮಕ್ಕಳ ಅಂಗಿ ಚಡ್ಡಿ ಹೊಲಿಯುವ ಕೆಲಸ ಸಿಕ್ಕಾಗ ಇನ್ನೆರಡು ಮಷಿನ್ ಹಾಕಲು ಜಾಗ ಬೇಕಾಯಿತು. ಹಿತ್ತಲಲ್ಲಿ ಪತ್ರಾಸಿನ, ಅಂದರೆ ತಗಡಿನ, ಶೆಡ್ಡು ಹಾಕಿದೆ. ಬಾಳೆಯನ್ನು ಬುಡಸಮೇತ ಕಿತ್ತು, ಗಡ್ಡೆ ಕಡಿಸಿ, ಟ್ರ್ಯಾಕ್ಟರಿನಲ್ಲಿ ಊರ ಹೊರಗೆ ಹಾಕಿಸಿದೆ.

ಹದಿನೈದು ದಿನಕ್ಕೆ ಪುಣೆಯಿಂದ ನಮ್ಮಕ್ಕ ಶಾರದಾ ಫೋನು ಮಾಡಿದಳು. ಅವಳಿಗೆ ಬಾಳೆಯ ಹುಚ್ಚು. ಯಾರಲ್ಲೂ ಇಲ್ಲದ ಬಾಳೆಗಳನ್ನು ಹುಡುಕಿ ತಂದು ಮನೆಯ ಹಿಂದೆ ಹಚ್ಚುತ್ತಾಳೆ. ಎಲ್ಲಾ ಕೂಡಿಸಿದೆ, ಅವ್ವನದೊಂದು ಇಲ್ಲ, ಒಂದು ಮರಿ ಕಳಿಸು ಎಂದಳು. ಕಳಿಸ್ತೀನಿ ಎಂದುಬಿಟ್ಟೆ. ಆಗಲೇ ನಿಜ ಹೇಳಿದ್ದರೆ ಅವಳು ಬೈಯುತ್ತಿದ್ದಳು, ಅತ್ತು ಸುಮ್ಮನಾಗುತ್ತಿದ್ದಳು. ನಾನು ನರ್ಸರಿಗೆ ಹೋಗಿ, ಜವಾರಿ ಅದ ತಗೋರಿ ಎಂದು ಅವನು ಕೊಟ್ಟ ಮರಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ, ನೀರು ಚಿಮುಕಿಸಿ, ಪುಣೆಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸಿದೆ.

ಅದಾಗಿ ಎರಡು ವರ್ಷ ಕಳೆದಿದ್ದವು. ಶಿವರಾತ್ರಿ ಮುಗಿದ ವಾರ ಅಕ್ಕನ ಫೋನು ಬಂತು. “ಬಸೂ, ಅವ್ವನ ಗೊನಿ ಇಳಿಸೇನಿ. ನಮ್ಮ ಹಿತ್ತಲ ನೆಳ್ಳಾಗ ಇದು ತಡಾ ಆತು. ದೀಪಾವಳ್ಯಾಗ ಇಲ್ಲೇ ಹತ್ರದ ಜೋಶಿ ಕಾಕೂನ ಮನ್ಯಾಗ ಇದರ ಮರಿದು ಹಣ್ಣು ತಿಂದೆ, ನನಗ ಅವ್ವನ ಹಣ್ಣು ಅನ್ನಿಸಲಿಲ್ಲ. ನೀ ಬಾ. ಅದನ್ನ ತಿಂದು ಬೆಳೆದಾವ್ರು ಈಗ ನಾವಿಬ್ಬರ ಉಳದೇವಿ. ನಿನ್ನ ನಾಲಿಗಿ ಹೇಳಲಿ.”

ನನ್ನ ನಾಲಿಗೆ ಸಾಕ್ಷಿ ಹೇಳಬೇಕಾಗಿತ್ತು. ಅದಕ್ಕೇ ಈ ಪ್ರವಾಸ.

ಸಾತಾರಾ

ಸಾತಾರಾದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಚಹಾ ಕುಡಿದು ಮರಳಿ ಬಂದು ಹತ್ತಿ ಕೂತೆ. ನನ್ನ ಚೀಲ ಕಾಣಲಿಲ್ಲ. ಲಿಂಬೆಹಣ್ಣಿನ ಹೆಣ್ಣುಮಗಳ ಜಾಗದಲ್ಲಿ ತಲೆಗೆ ಹಳದಿ ಪಟಗ ಸುತ್ತಿದ ಮುದುಕ ಕೂತಿದ್ದ. ಬಣ್ಣ ಒಂದೇ ಎಂದು ಬೇರೆ ಬಸ್ಸು ಹತ್ತಿದ್ದೆ. ಕೇಳಿದರೆ ಅದು ಕೊಲ್ಹಾಪುರಕ್ಕೆ, ಅಂದರೆ ನಮ್ಮೂರಿನ ಕಡೆಗೇ ಹೊರಟಿತ್ತು.

ತಪ್ಪು ಗೊತ್ತಾದ ಮೇಲೂ ನಾನು ಏಳಲಿಲ್ಲ. ಡ್ರೈವರ್ ಬಂದು ಗಾಡಿ ಚಾಲೂ ಮಾಡಿದ. ಹೋಗಲಿ ಬಿಡು, ರೊಟ್ಟಿ ತಾವೇ ಪುಣೆಗೆ ಹೋಗಲಿ, ಅಕ್ಕನಿಗೆ ಏನಾದರೊಂದು ನೆಪ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ನಮ್ಮ ಬಸ್ಸಿನ ಕಂಡಕ್ಟರು ಓಡುತ್ತಾ ಬಂದು ಕಿಟಕಿಯ ಸರಳು ಬಡಿದು, ಇಡೀ ಬಸ್ಸು ನಿಮ್ಮೊಬ್ಬರಿಗಾಗಿ ಕಾಯುತ್ತಿದೆ ಕಾಕಾ ಎಂದು ಮರಾಠಿಯಲ್ಲಿ ಬೈದ. ಇಳಿದು ಅವನ ಹಿಂದೆ ಹೋದೆ. ಅವನು ಇಡೀ ದಾರಿ ನನ್ನ ಮೇಲೊಂದು ಕಣ್ಣಿಟ್ಟಿದ್ದ. ಇಟ್ಟದ್ದು ಒಳ್ಳೆಯದೇ ಆಯಿತು.

ಕಾತ್ರಜ

ಗುಡ್ಡ ಕೊರೆದ ಬೋಗದೆ ದಾಟಿ ಕಾತ್ರಜದಲ್ಲಿ ಇಳಿದಾಗ ಸಂಜೆ. ಪುಣೆಯ ಹೆಣ್ಣುಮಕ್ಕಳು ಸ್ಕೂಟರ್ ಮೇಲೆ ಮುಖ ತಲೆ ಎಲ್ಲಾ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡು, ಎರಡು ಕಣ್ಣು ಮಾತ್ರ ತೋರಿಸುತ್ತಾ ಹೋಗುತ್ತಾರೆ. ತಾಯಿ ಎದುರಿಗೆ ಬಂದರೆ ಮಕ್ಕಳು ಹೇಗೆ ಗುರುತು ಹಿಡಿಯುತ್ತಾರೋ. ಇಂಥದ್ದೇ ಎರಡು ಕಣ್ಣು ನನ್ನ ಮುಂದೆ ಸ್ಕೂಟರ್ ನಿಲ್ಲಿಸಿ “ಏನೋ, ಹಿಂಗ ಸೊರಗೀಯಲ್ಲೋ” ಎಂದಾಗ ಗಾಬರಿಯಾದೆ. ಅರವತ್ತು ದಾಟಿದ ನಮ್ಮಕ್ಕ ಸ್ಕೂಟರ್ ಹೊಡೆಯುವುದು ನನಗೆ ಗೊತ್ತಿರಲಿಲ್ಲ. ಅವಳ ಹಿಂದೆ ಕೂತು, ಬಿಗಿಯಾಗಿ ಹಿಡಿದುಕೊಂಡು ಮನೆಗೆ ಹೋದೆ. ದಾರಿಯಲ್ಲೇ ಹೇಳಿಬಿಡಬೇಕು ಎಂದುಕೊಂಡಿದ್ದೆ. ಆದರೆ ಬೆನ್ನಿಗೆ ಹೇಳುವ ಮಾತಲ್ಲ ಅದು.

ಭಾವ ದೌಂಡ ರೈಲ್ವೆ ಆಫೀಸಿನಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಕಡಿಮೆ ಮಾತು. ಮನೆಯ ಹಿಂದೆ ನಮ್ಮ ಶೆಡ್ಡಿನ ಎರಡರಷ್ಟು ಜಾಗವೂ ಇಲ್ಲ. ಅಷ್ಟರಲ್ಲೇ ಎಂಟು ನಮೂನೆ ಬಾಳೆ. ಕೆಂಪು ಬಾಳೆ, ಬೆರಳುದ್ದದ ಸೋನಕೇಳಿ, ಎಲೆಯ ಮೇಲೆ ಸುಣ್ಣ ಎರಚಿದಂತೆ ಬಿಳಿ ಪಟ್ಟಿ ಇರುವ ಒಂದು, ಕಾಯಿ ಬೂದಿ ಬಳಿದಂತೆ ಕಾಣುವ ಇನ್ನೊಂದು. ಮೂಲೆಯಲ್ಲಿ ಸಾವಿರ ಬಾಳೆ. ಅದರ ಗೊನೆ ಇಳಿದು ಇಳಿದು ನೆಲ ಮುಟ್ಟಿದ್ದರಿಂದ, ಮತ್ತೂ ಇಳಿಯಲಿ ಎಂದು ಕೆಳಗೆ ತಗ್ಗು ತೋಡಿದ್ದರು. “ಈ ಮನ್ಯಾಗ ನನಗಿಂತ ಅದಕ್ಕ ಮಾನ ಜಾಸ್ತಿ ಅದ” ಎಂದರು ಭಾವ, ತಗ್ಗು ತೋಡಿದವರು.

ಪ್ರತಿ ಗಿಡಕ್ಕೂ ಎಣ್ಣೆ ಡಬ್ಬಿಯ ತಗಡಿನ ಪಾಟಿ, ಅದರ ಮೇಲೆ ಮರಾಠಿ ಬರಹ. ಪುಣೆಯವರಿಗೆ ಎಲ್ಲದಕ್ಕೂ ಪಾಟಿ ಬೇಕು, ಅದರಲ್ಲಿ ಒಂದಿಷ್ಟು ಖಾರವೂ ಬೇಕು. ಅಕ್ಕ ಓದಿ ಕನ್ನಡದಲ್ಲಿ ಹೇಳಿದಳು. ಕೆಂಪು ಬಾಳೆಗೆ, ‘ಕೆಂಪಾಗಿದೆ ಅಂದರೆ ಹಣ್ಣಾಗಿದೆ ಅಂತಲ್ಲ. ಕೈ ದೂರ ಇರಲಿ.’ ನಾನು ನಕ್ಕೆ. ಗೋಡೆಯ ಹತ್ತಿರದ ಪಾಟಿ ಒಂದರಲ್ಲಿ ಮಾತ್ರ ಖಾರ ಇರಲಿಲ್ಲ. ಅದರ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಎರಡೇ ಶಬ್ದ: ‘ನೀಲವ್ವ, ಬೈಲಹೊಂಗಲ.’ ಗೊನೆ ಇಳಿಸಿ ಕಡಿದ ಬುಡ, ಅದರ ಸುತ್ತ ಮೂರು ಮರಿ. ನರ್ಸರಿಯವನ ಮುಖ ನೆನಪಾಯಿತು.

ಅಕ್ಕ ಒಂದು ಚಿಪ್ಪು ಕಾಯಿಯನ್ನು ಅವ್ವ ಮಾಡುತ್ತಿದ್ದಂತೆಯೇ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಿದ್ದಳು. ಕೈ ಹಾಕಿ ಒತ್ತಿ ನೋಡಿ, ಇನ್ನೂ ಎರಡು ದಿನ ಎಂದಳು.

ಊಟಕ್ಕೆ ಕೂತಾಗ ಇನ್ನೊಂದು ಹೊಸ ಪದ್ಧತಿ ನೋಡಿದೆ. ಅಕ್ಕ ಪಲ್ಯ, ಸಾರು ಎರಡನ್ನೂ ಒಂದೊಂದು ಚಮಚೆ ಭಾವನ ಅಂಗೈಗೆ ಹಾಕಿದಳು. ಅವರು ನೆಕ್ಕಿ, ಉಪ್ಪು ಸರಿ ಅದ ಎಂದ ಮೇಲೆಯೇ ನನಗೆ ಬಡಿಸಿದಳು. ನಮ್ಮ ಕಡೆ ಗಂಡಸರು ಉಪ್ಪು ನೋಡಲು ಅಡಿಗೆಮನೆಗೆ ಬರುವುದಿಲ್ಲ, ತಾಟಿನ ಮುಂದೆ ಕೂತು ಬೈಯುತ್ತಾರೆ. ಪುಣೆಯವರು ಭಾಳ ಸುಧಾರಿಸಿದ್ದಾರೆ ಎಂದುಕೊಂಡೆ.

ಎರಡನೆಯ ದಿನ, ಜೋಶಿ ಕಾಕೂ ಅವರ ಗೇಟು

ಬೆಳಿಗ್ಗೆ ಎದ್ದವನು ಹಿತ್ತಲಿಗೂ ಮುಂಬಾಗಿಲಿಗೂ ಎಷ್ಟು ಸಲ ಅಡ್ಡಾಡಿದೆನೋ. ಕೆಲಸ ಇಲ್ಲದೆ ಅಡ್ಡಾಡುವವನನ್ನು ಅಕ್ಕ ಸಹಿಸುವುದಿಲ್ಲ. ಬಾ, ಅವ್ವನ ಬಾಳೆ ಯಾರ್ಯಾರ ಮನೆಯಲ್ಲಿ ಬೆಳೆದಿದೆ ತೋರಿಸುತ್ತೇನೆ ಎಂದು ಕರೆದುಕೊಂಡು ಹೊರಟಳು. ಮರಿಗಳು ಬೇರೆಯವರ ಮನೆ ಸೇರಿದ್ದು ಫೋನಿನಲ್ಲಿ ಕೇಳಿದ್ದೆ. ಹೋಗಿ ನೋಡಬೇಕಾದೀತು ಎಂದುಕೊಂಡಿರಲಿಲ್ಲ.

ಎರಡು ಓಣಿ ಆಚೆ ಜೋಶಿ ಕಾಕೂ ಅವರ ಮನೆ. ಕಾಕೂ ಅಂದರೆ ನಮ್ಮಲ್ಲಿ ಚಿಕ್ಕಮ್ಮ ಎಂದಂತೆ. ಗೇಟಿಗೆ ಎರಡು ಪಾಟಿ. ಒಂದು, ‘ಬೆಲ್ ಒಂದೇ ಸಲ ಒತ್ತಿರಿ. ನಮಗೆ ಕಿವಿ ಕೇಳುತ್ತದೆ.’ ಎರಡನೆಯದು, ‘ಬಾಳೆ ಎಲೆ ಕೇಳಬೇಡಿ. ಪೂಜೆ ನಿಮ್ಮದು, ಗಿಡ ನಮ್ಮದು.’ ಈ ಕಡೆಯ ಬಾಳೆ ಮಂದಿಗೆಲ್ಲ ಪಾಟಿ ಬರೆದುಕೊಡುವವರು ಇದೇ ಕಾಕೂ. ಸಾಲಿಯ ಮಾಸ್ತರಿಣಿಯಾಗಿದ್ದವರು, ತೆಳ್ಳಗಿನ ಎಂಬತ್ತರ ಮುದುಕಿ.

ಅವರು ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಹಿಡಿದುಕೊಂಡರು. ಮಾತು ಮರಾಠಿ, ಅಕ್ಕ ಕನ್ನಡ ಮಾಡಿದಳು. ನಿಮ್ಮ ತಾಯಿಯನ್ನು ನಾನು ನೋಡಿಲ್ಲ, ಆದರೆ ದಿನಾ ಬೆಳಿಗ್ಗೆ ನೀಲವ್ವಾ ಎಂದು ಕರೆದೇ ನೀರು ಹಾಕುತ್ತೇನೆ, ಎಂದರು. ಅವರ ಬಾಯಲ್ಲಿ ನಮ್ಮವ್ವನ ಹೆಸರಿನ ಕೊನೆ ಉದ್ದವಾಗಿ, ಮುದ್ದಾಗಿ ಬರುತ್ತಿತ್ತು. ದೀಪಾವಳಿಯ ಗೊನೆಯಲ್ಲಿ ಹದಿನಾಲ್ಕು ಮನೆಗೆ ಹಣ್ಣು ಹಂಚಿದರಂತೆ, ಪ್ರತಿ ಮನೆಯಲ್ಲೂ ಹೆಸರು ಹೇಳಿ. ಮಗ ತಾಯಿಯ ಗಿಡ ಉಳಿಸಿಕೊಂಡು ಬಂದದ್ದು ದೊಡ್ಡದು ಎಂದು ನನಗೊಂದು ಬೇಸನ್ ಲಾಡು ಕೊಟ್ಟರು. ಅರ್ಧ ತಿಂದು, ಉಳಿದದ್ದನ್ನು ಅಕ್ಕನ ಕೈಗೆ ಕೊಟ್ಟೆ. ನೀರು ಕುಡಿದು, ಬಸ್ಸಿನ ದಣಿವು ಎಂದೆ.

ಅದೇ ದಿನ, ಶೆಟ್ಟರ ಮಾಳಿಗೆ

ಮರಳಿ ಬರುವಾಗ ಒಂದು ಗಂಟೆ ದಾಟಿತ್ತು. ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ಅಂಗಡಿಯವರು ಮಲಗುತ್ತಾರೆ. ಗಿರಾಕಿ ಬಾಗಿಲು ಬಡಿದರೆ ತಪ್ಪು ಗಿರಾಕಿಯದು. ನಮ್ಮಲ್ಲಿ ಹೀಗೆ ಮಾಡಿದರೆ ಆ ಅಂಗಡಿ ಮತ್ತೆ ತೆರೆಯಬೇಕಾಗಿಲ್ಲ. ತೆರೆದಿದ್ದದ್ದು ಶೆಟ್ಟರ ಹೋಟೆಲು ಒಂದೇ. ಕುಂದಾಪುರದ ಕಡೆಯವರು, ಮಾಳಿಗೆಯ ಮೇಲೆ ಡ್ರಮ್ಮುಗಳಲ್ಲಿ ಬಾಳೆ ಬೆಳೆಸುತ್ತಾರೆ. ಅಕ್ಕ ಕೆಳಗೆ ಶೆಟ್ಟರ ಹೆಂಡತಿಯ ಹತ್ತಿರ ಮಾತಿಗೆ ನಿಂತಳು. ಶೆಟ್ಟರು ನನ್ನನ್ನು ಮೇಲೆ ಕರೆದುಕೊಂಡು ಹೋದರು. ಅಲ್ಲೂ ಅದೇ ಪಾಟಿ, ‘ನೀಲವ್ವ, ಬೈಲಹೊಂಗಲ.’ ಗಿಡಕ್ಕೆ ಇನ್ನೂ ಗೊನೆ ಬಂದಿರಲಿಲ್ಲ.

ಶೆಟ್ಟರು ಎಲೆಯ ತೊಟ್ಟನ್ನು ಹೆಬ್ಬೆರಳಿನಿಂದ ಸವರಿದರು. ಮೆಟ್ಟಿಲ ಕಡೆ ಒಮ್ಮೆ ನೋಡಿದರು.

“ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇದು ರಾಜಾಪುರಿ ಅಲ್ವಾ ಮಾರಾಯ್ರೆ? ಸಾಂಗ್ಲಿ ಕಡೆ ಹೊಲ ಹೊಲದಲ್ಲಿ ಉಂಟು.”

ನಾನು ವಾಲಿದ ಪಾಟಿಯನ್ನು ನೆಟ್ಟಗೆ ಮಾಡತೊಡಗಿದೆ.

“ನಾನು ಶಾರದಕ್ಕನಿಗೆ ಹೇಳ್ಲಿಲ್ಲ. ಅಮ್ಮನ ಹೆಸರು ಬರೆದ ಗಿಡಕ್ಕೆ ಜಾತಿ ಕೇಳ್ಬಾರ್ದು ಅಂತ ಸುಮ್ಮನಿದ್ದೆ” ಎಂದರು. ಒಣಗಿದ ಒಂದು ಎಲೆ ಕೊಯ್ದು ಕೆಳಗೆ ಹಾಕಿದರು. “ನೀವು ಹೇಳ್ಬಹುದು. ನಿಮ್ಮದೇ ಅಮ್ಮ ಅಲ್ವಾ.”

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಪಾರಾಗುತ್ತಿದ್ದೆ. ಕೆಳಗೆ ಬಂದಾಗ ಅಕ್ಕ, ಗಿಡ ಹೆಂಗದ ಎಂದು ಕೇಳಿದಳು. ಚೊಲೋ ಅದ ಎಂದೆ. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೇರೆ ಕಡೆ ನೋಡಿದರು.

ಆ ಸಂಜೆ ಹಿತ್ತಲಲ್ಲಿ ಅಕ್ಕ ಒಣಗಿದ ಎಲೆ ಸವರುತ್ತಿದ್ದಾಗ ಎರಡು ಸಲ “ಅಕ್ಕಾ” ಎಂದು ಕರೆದೆ. ಮೊದಲ ಸಲ ಅವಳು ತಿರುಗಿದಾಗ, ನೀರು ಬಿಡಲೇನು ಎಂದೆ. ಎರಡನೇ ಸಲ, ಕುಡುಗೋಲು ಮೊಂಡಾಗಿದೆ, ಮಸೆದು ಕೊಡಲೇನು ಎಂದೆ. ಕುಡುಗೋಲು ಮಸೆದೆ. ಮನೆಯ ಈಳಿಗೆ ಮಸೆದೆ. ಭಾವನ ಕ್ಷೌರದ ಕತ್ತರಿಯನ್ನೂ ಮಸೆದೆ. ಅಷ್ಟೇ ಆದದ್ದು.

ಮೂರನೆಯ ದಿನ

ಮುಂಜಾನೆ ಚಹಾ ಆದ ಮೇಲೆ ಅಕ್ಕ ಜೋಳದ ಡಬ್ಬಿಯಿಂದ ಚಿಪ್ಪು ಹೊರಗೆ ತೆಗೆದಳು. ಹಳದಿಯಾಗಿತ್ತು, ತೊಟ್ಟಿನವರೆಗೂ ಹಳದಿ. ಅವಳು ತೊಟ್ಟನ್ನೇ ಒಂದಿಷ್ಟು ಹೊತ್ತು ನೋಡಿದಳು.

ನಮ್ಮ ಮನೆಯಲ್ಲಿ ಹೊಸ ಗೊನೆಯ ಮೊದಲ ಹಣ್ಣಿಗೆ ಒಂದು ರೂಢಿ ಇತ್ತು. ದೇವರಿಗೆ ತೋರಿಸಿ ಅಕ್ಕ ಮುರಿಯಬೇಕು, ನಾನು ಆರಿಸಬೇಕು. ಸಮ ಮುರಿಯದಿದ್ದರೆ ನಷ್ಟ ಅವಳಿಗೇ ಎಂದು ಅವ್ವ ಮಾಡಿದ ಕಾಯಿದೆ. ಅವಳು ಎಷ್ಟೇ ಸಮ ಮುರಿದರೂ ನಾನು ಕಣ್ಣಲ್ಲೇ ತೂಗಿ, ಕೂದಲೆಳೆಯಷ್ಟು ದೊಡ್ಡದನ್ನು ಕಸಿದು ಒಂದೇ ಸಲ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಅಕ್ಕ ದೇವರಿಗೆ ತೋರಿಸಿ, ಸಿಪ್ಪೆ ಸುಲಿದು ಮುರಿದಳು. ಎರಡೂ ಕೈ ಮುಂದೆ ಚಾಚಿದಳು. “ಆರಿಸ್ಕೋ.”

ನಾನು ಕೈ ಚಾಚಲಿಲ್ಲ. “ಅಕ್ಕಾ, ಇದು ಅವ್ವನ ಬಾಳಿ ಅಲ್ಲ.”

“ನೀ ಇನ್ನೂ ತಿಂದಽ ಇಲ್ಲಲ್ಲೋ.”

“ತಿನ್ನೂದು ಬ್ಯಾಡ. ನನಗ ಗೊತ್ತದ.”

ಹೇಳಿದೆ. ಶೆಡ್ಡು, ಟ್ರ್ಯಾಕ್ಟರು, ನರ್ಸರಿ, ಗೋಣಿತಟ್ಟು. ಸಾಲಿಯ ಅಂಗಿ ಚಡ್ಡಿಯ ಕೆಲಸ ನಾಲ್ಕೇ ತಿಂಗಳಿಗೆ ನಿಂತು, ಆ ಎರಡು ಮಷಿನ್ನುಗಳ ಮೇಲೆ ಈಗ ಹಳೆಯ ಚಾದರ ಹೊದಿಸಿರುವುದನ್ನೂ ಹೇಳಿದೆ. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಎರಡು ತುಂಡು ಹಾಗೇ ನನ್ನ ಮುಂದೆ ಇದ್ದವು. ಭಾವ ಪೇಪರು ಮಡಚಿಟ್ಟರು.

“ಗಡ್ಡಿ?” ಎಂದಳು.

“ಅದೂ ಹೋತು.”

“ಅಷ್ಟೂ?”

“ಅಷ್ಟೂ.”

ಬಾಳೆ ಬೆಳೆಸುವವರು ಮಾತ್ರ ಕೇಳುವ ಪ್ರಶ್ನೆ ಅದು. ಗಡ್ಡೆಯ ಒಂದು ತುಂಡು ಮಣ್ಣಲ್ಲಿ ಉಳಿದರೂ ಅದು ಮತ್ತೆ ಚಿಗುರುತ್ತದೆ. ನಾನು ಉಳಿಸಿರಲಿಲ್ಲ.

ಅವಳು ನನಗೆ ಬೈಯಲಿಲ್ಲ. ಭಾವನ ಕಡೆ ತಿರುಗಿ ಕೇಳಿದಳು, “ಹಂಗಾದ್ರ ನನ್ನ ನಾಲಿಗಿ ಸರಿ ಅದ?”

“ನಾ ದೀಪಾವಳಿಯಿಂದ ಅದನ್ನಽ ಹೇಳಾಕತ್ತೇನಿ” ಎಂದರು ಭಾವ.

ಆಮೇಲೆ ಗೊತ್ತಾಯಿತು. ಕೊರೋನಾ ಬಂದ ವರ್ಷ ಅಕ್ಕನಿಗೆ ವಾಸನೆ, ರುಚಿ ಎರಡೂ ಹೋಗಿ, ಒಂದೆರಡು ತಿಂಗಳ ಮೇಲೆ ಮರಳಿ ಬಂದಿದ್ದವು. ದೀಪಾವಳಿಯಲ್ಲಿ ಕಾಕೂ ಮನೆಯ ಹಣ್ಣು ತಿಂದಾಗ ಅವಳು ಗಿಡದ ಮೇಲೆ ಸಂಶಯ ಪಡಲಿಲ್ಲ. ತಮ್ಮ ಕಳಿಸಿದ ಗಿಡ. ಅವಳು ಸಂಶಯ ಪಟ್ಟದ್ದು ತನ್ನ ನಾಲಿಗೆಯ ಮೇಲೆ. ಅಂದಿನಿಂದ ಪ್ರತಿ ಅಡಿಗೆಯ ಉಪ್ಪನ್ನು ಗಂಡನ ಅಂಗೈಗೆ ಹಾಕಿ ಕೇಳುತ್ತಿದ್ದಳು.

“ನೀ ಕಡದದ್ದಕ್ಕ ನಾ ಏನೂ ಅನ್ನೂದಿಲ್ಲ, ಜಾಗಾ ನಿಂದು” ಎಂದಳು. “ಆದ್ರ ನಾಕ ತಿಂಗಳ ನಾ ಅವ್ವನ ರುಚಿ ಮರತೆ ಅಂತ ಒಬ್ಬಾಕೀನ ಕುಂತು ಅತ್ತೇನೋ ಬಸೂ. ಇನ್ನ ಅಕೀ ಮಾರಿನೂ ಮರೀತೀನಿ ಅಂತ ಅಂಜಿಕಿ ಬಂದಿತ್ತು.”

ನಾನು ಬಗ್ಗಿ ಹಣ್ಣಿನ ಸಿಪ್ಪೆ ಎತ್ತಿಕೊಂಡೆ.

ಅವಳು ಕೆಳಗೆ ಕೂತಳು. ಎಡಗೈಯ ತುಂಡು ತಿಂದಳು, ನಿಧಾನವಾಗಿ, ಕಣ್ಣು ಮುಚ್ಚಿ. ಆಮೇಲೆ ಬಲಗೈಯದನ್ನೂ ತಿಂದಳು. ನನಗೆ ಕೊಡಲಿಲ್ಲ. ಬಾಯಿ ಒರೆಸಿಕೊಂಡು “ಚೊಲೋ ಹಣ್ಣು. ಅವ್ವಂದಲ್ಲ” ಎಂದಳು. ಮಧ್ಯಾಹ್ನದ ಸಾರಿಗೆ ಭಾವನನ್ನು ಕರೆಯಲಿಲ್ಲ. ಉಪ್ಪು ಸರಿಯಾಗಿತ್ತು.

ನಾಲ್ಕು ಗಂಟೆಗೆ ಚಪ್ಪಲಿ ಹಾಕಿಕೋ ಎಂದಳು. ಕಾಕೂ ಅವರ ಗೇಟಿನವರೆಗೂ ಅವಳು ಮುಂದೆ, ನಾನು ಹಿಂದೆ. ಬೆಲ್ ಒಂದೇ ಸಲ ಒತ್ತಿದಳು. “ನೀನಽ ಹೇಳು, ನಾ ಮರಾಠಿ ಮಾಡ್ತೀನಿ” ಎಂದಳು. ಒಂದೊಂದು ವಾಕ್ಯ ಹೇಳಿ ನಿಲ್ಲಬೇಕು, ಅದು ಮರಾಠಿಯಾಗುವುದನ್ನು ಕೇಳಬೇಕು, ಆಮೇಲೆ ಮುಂದಿನದು. ಒಂದು ಸುಳ್ಳನ್ನು ಎರಡು ಭಾಷೆಯಲ್ಲಿ ಒಪ್ಪಿಕೊಳ್ಳುವುದು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಪ್ರವಾಸ ಹೋದವರಿಗೆ ಮಾತ್ರ ಗೊತ್ತು. ಕಾಕೂ ಕೊನೆಯವರೆಗೂ ಕೇಳಿದರು. ಹದಿನಾಲ್ಕು ಮನೆಗೂ ನಾನೇ ಹೇಳಿಕೊಳ್ಳುತ್ತೇನೆ ಎಂದರು. ಲಾಡು ಬರಲಿಲ್ಲ. ಒಳಗೆ ಹೋಗಿ ತಗಡು, ಬಣ್ಣ, ಕುಂಚ ತಂದು ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ ಕೂತು ಮೂರು ಪಾಟಿ ಬರೆದರು. ಒಂದು ತಮಗೆ, ಒಂದು ಶೆಟ್ಟರಿಗೆ, ಒಂದು ಅಕ್ಕನಿಗೆ. ಅಕ್ಕ ಓದಿದಳು. ಮುಂಜಾನೆಯಿಂದ ಮೊದಲ ಸಲ ಅವಳ ತುಟಿಯ ಕೊನೆ ಅಲುಗಿತು.

‘ಹೆಸರು ಗೊತ್ತಿಲ್ಲ. ಬೈಲಹೊಂಗಲದ ತಮ್ಮನನ್ನು ಕೇಳಿ.’

ಶೆಟ್ಟರು ಏನೂ ಕೇಳದೆ ಪಾಟಿ ತೆಗೆದುಕೊಂಡು, ನನಗೊಂದು ಕಾಫಿ ಕೊಟ್ಟರು. ‘ನೀಲವ್ವ’ ಎಂಬ ಮೂರೂ ಹಳೆಯ ಪಾಟಿಗಳನ್ನು ಅಕ್ಕ ಸೆರಗಿನಿಂದ ಒರೆಸಿ, ದೇವರ ಗೂಡಿನ ಹಿಂದೆ ಎತ್ತಿಟ್ಟಳು.

ಬೈಲಹೊಂಗಲ

ಮರುದಿನ ಹೊರಡುವಾಗ ಅಕ್ಕ ಕಾತ್ರಜದವರೆಗೆ ಬಂದು ಬಿಟ್ಟು ಹೋದಳು. ಬಸ್ಸು ಬರುವ ಹೊತ್ತಿಗೆ ಒಂದೇ ಮಾತು ಹೇಳಿದಳು. ಅವ್ವ ಮರಿ ಕೇಳಿದವರಿಗೆ ಇಲ್ಲ ಎಂದವಳಲ್ಲ, ಓಣಿ ಓಣಿ ಹುಡುಕು ಎಂದು.

ಬಂದವನು ಹುಡುಕಿದೆ. ಇಷ್ಟು ವರ್ಷ ಅಂಗಿಯ ಅಳತೆ ತೆಗೆದುಕೊಂಡಿದ್ದವರ ಮನೆಗಳ ಹಿತ್ತಲಿಗೆ ಹೋಗಿ ಬಾಳೆಯ ತೊಟ್ಟು ನೋಡಿದೆ. ಟೇಲರಗ ತಲಿ ಕೆಟ್ಟದ ಎಂದು ಕೆಲವರು ಅಂದದ್ದು ಕಿವಿಗೆ ಬಿತ್ತು. ಒಂಬತ್ತನೆಯ ದಿನ ಕಂಬಾರ ಓಣಿಯಲ್ಲಿ ದಾವಲಬಿ ಎಂಬ ಮುದುಕಿ, ಯಾವುದೋ ಮದುವೆ ಅಂಗಿ ತಡವಾದದ್ದಕ್ಕೆ ಮೊದಲು ನನ್ನನ್ನು ಬೈದು, ಆಮೇಲೆ ಬಚ್ಚಲ ಹಿಂದೆ ಕರೆದುಕೊಂಡು ಹೋದಳು. ತನ್ನ ಮೊದಲ ಬಾಣಂತನದಲ್ಲಿ ನಿಮ್ಮವ್ವ ಕೊಟ್ಟದ್ದು ಎಂದಳು. ಗೊನೆ ಆಗಷ್ಟೇ ಹೊರಬಿದ್ದಿತ್ತು. ತೊಟ್ಟು ಹಸಿರು. ಆದರೆ ಎಳೆಯ ಗೊನೆಯ ತೊಟ್ಟು ಎಲ್ಲದರದೂ ಹಸಿರೇ.

ಅಕ್ಕನಿಗೆ ಫೋನು ಮಾಡಿ, ಮರಿ ಕಳಿಸಲೇ ಎಂದು ಕೇಳಿದೆ.

“ಬ್ಯಾಡ. ಮೊದಲ ಹಣ್ಣಾಗಲಿ, ನಾನಽ ಬರ್ತೀನಿ. ನೀ ಮುಟ್ಟಬ್ಯಾಡ. ನಿನಗೇನ ರುಚಿ ಗೊತ್ತದ?”

ಅವಳು ಚೇಷ್ಟೆಗೆ ಅಂದದ್ದು. ಆದರೆ ಅದು ನಿಜ, ಅದನ್ನು ಪುಣೆಯಲ್ಲಿ ಹೇಳಲು ನನಗೆ ಧೈರ್ಯ ಬಂದಿರಲಿಲ್ಲ. ಅವ್ವನ ಹಣ್ಣಿನ ರುಚಿ ನನಗೆ ನೆನಪಿಲ್ಲ. ನರ್ಸರಿಯ ಸುಳ್ಳು ಇಲ್ಲದಿದ್ದರೂ ನನ್ನ ನಾಲಿಗೆ ಸಾಕ್ಷಿ ಹೇಳುತ್ತಿರಲಿಲ್ಲ. ಅಷ್ಟು ವರ್ಷ ಯಾವ ತುಂಡು ದೊಡ್ಡದು ಎಂದು ನೋಡಿದೆ, ನುಂಗಿದೆ.

ಶೆಡ್ಡಿನ ಅರ್ಧ ಪತ್ರಾಸು ಬಿಚ್ಚಿಸಿದ್ದೇನೆ. ಬಚ್ಚಲ ನೀರು ಬೀಳುವಲ್ಲಿ ತಗ್ಗು ತೋಡಿ ಬೂದಿ ಹಾಕಿದ್ದೇನೆ. ದಿನಕ್ಕೆ ಎರಡು ಸಲ ಕಂಬಾರ ಓಣಿಗೆ ಹೋಗಿ ಬರುತ್ತೇನೆ. ನಿಂತು ನೋಡಿದ್ರ ಲಗೂ ಹಣ್ಣಾಗ್ತದೇನು ಎಂದು ದಾವಲಬಿ ನಗುತ್ತಾಳೆ. ಇನ್ನೂ ಎರಡೂವರೆ ತಿಂಗಳು ಎನ್ನುತ್ತಾಳೆ. ಅಕ್ಕ ಬಂದು ಮುರಿದು ಎರಡೂ ಕೈ ಮುಂದೆ ಚಾಚಿದಾಗ ನಾನು ತುಂಡುಗಳ ಕಡೆ ನೋಡುವುದಿಲ್ಲ. ಅವಳು ತಿನ್ನುವಾಗ ಅವಳ ಮುಖ ನೋಡುತ್ತೇನೆ. ಆಗ ಗೊತ್ತಾಗುತ್ತದೆ.